ಟ್ರಿನಿಡಾಡಿನ ತಾಸೆ: ಒಂದು ಅಧಿಕರಣ

ಅಧಿಕರಣವೆಂದರೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ ಎಂಬ ಕ್ರಮದ ಚರ್ಚೆ. ಮೊದಲು ವಿಷಯ. 1845ರಿಂದ 1917ರವರೆಗೆ 1,40,000ಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಟ್ರಿನಿಡಾಡಿನ ಕಬ್ಬಿನ ತೋಟಗಳಿಗೆ ಹೋದರು. ಬಹುಪಾಲು ಭೋಜಪುರಿ ಸೀಮೆಯವರು. ಅವರೊಡನೆ ತಾಸೆಯೂ ಸಮುದ್ರ ದಾಟಿತು; ನಮ್ಮ ಕರಾವಳಿಯ ಹುಲಿವೇಷಕ್ಕೆ ಬಾರಿಸುತ್ತಾರಲ್ಲ, ಅದೇ ಬಳಗದ ವಾದ್ಯ. ಅಲ್ಲೀಗ ಎರಡು ತಾಸೆ, ಒಂದು ಭಾರೀ ಬಾಸ್ ಡೋಲು, ಒಂದು ಜೊತೆ ಝಾಂಜ್ ಎಂಬ ತಾಳ ಸೇರಿದರೆ ಮೇಳ. 'ಹೊಸೇ' ಎನ್ನುವ ಮೊಹರಂಗೂ ಅದೇ, ಹಿಂದೂ ಮದುವೆಗೂ ಅದೇ.

ಸಂಶಯವೇನೆಂದರೆ, ಇದು ಊರಿಂದ ಹೋದ ಕಲೆಯೋ, ಅದರ ಹೆಸರು ಹೊತ್ತ ಬೇರೊಂದೋ?

ಬೇರೆಯೇ, ಎನ್ನುತ್ತಾನೆ ಪೂರ್ವಪಕ್ಷಿ. ಮಣ್ಣಿನ ಬಟ್ಟಲಿಗೆ ಆಡಿನ ಚರ್ಮ ಬಿಗಿದು, ಬೆಂಕಿಗೆ ಕಾಯಿಸಿ ಶ್ರುತಿ ಏರಿಸುತ್ತಿದ್ದ ವಾದ್ಯಕ್ಕೆ ಈಗ ಲೋಹದ ಮೈ, ನಟ್ಟು-ಬೋಲ್ಟು, ಪ್ಲಾಸ್ಟಿಕ್ ಹೊದಿಕೆ. 'ಹ್ಯಾಂಡ್' ಎಂಬ ಬಡಿತದ ಕಟ್ಟುಗಳಲ್ಲಿ ದ್ವೀಪದ ಕ್ಯಾಲಿಪ್ಸೋ ಹಾಡಿನ ಜಾಡು ಬೆರೆತಿದೆ. ಬಾರಿಸುವವನ ಮನೆಯಲ್ಲಿ ಭೋಜಪುರಿಯೂ ಇಲ್ಲ. ಇನ್ನು ಉಳಿದದ್ದೇನು?

ಇದಕ್ಕೆ ನನ್ನ ಉತ್ತರ: ವಸ್ತುವಿನಿಂದಲೇ ಕಲೆಯ ಗುರುತು ಎಂದರೆ ಇಲ್ಲಿಯ ತಾಸೆಯೂ ಸೋತೀತು; ಪ್ಲಾಸ್ಟಿಕ್ ಹೊದಿಕೆ ಇಲ್ಲಿಗೂ ಬಂದಿದೆ. ಗುರುತು ಇರುವುದು ತಪ್ಪನ್ನು ತಪ್ಪೆನ್ನಬಲ್ಲ ಕಿವಿಯಲ್ಲಿ. ಮೇಳದಲ್ಲಿ 'ಫೂಲೆ' ಎಂಬ ತಾಸೆ ನಡೆ ಹಿಡಿದಿರುತ್ತದೆ, 'ಕಟರ್' ಎಂಬ ಇನ್ನೊಂದು ಅದರ ಮೇಲೆ ಕಡಿದು ಕಡಿದು ಆಡುತ್ತದೆ. ಕಟರ್ ಎಷ್ಟೇ ಹಾರಾಡಲಿ, ಹ್ಯಾಂಡ್ ಬದಲಿಸುವ ಸನ್ನೆ ಕೊಟ್ಟೊಡನೆ ಉಳಿದವರೆಲ್ಲ ಒಟ್ಟಿಗೆ ಹೊರಳಬೇಕು. ಹೊರಳದಿದ್ದರೆ ಮದುವೆಮನೆಯ ಮುದುಕಿಗೂ ತಿಳಿಯುತ್ತದೆ.

ಅಂಥ ಕಿವಿ ಹೊಸದನ್ನೆಲ್ಲ ತಳ್ಳಿಹಾಕೀತಲ್ಲ? ಹಾಕಿಲ್ಲ. 'ಡಿಂಗೊಲೇ' ಎಂಬ ಹ್ಯಾಂಡ್ ಊರಿಂದ ಹೋದದ್ದಲ್ಲ, ದ್ವೀಪದ್ದೇ. ಈಗ ಅದಕ್ಕೂ ಸರಿ-ತಪ್ಪು ಇದೆ, ಸ್ಪರ್ಧೆಗಳಲ್ಲಿ ಅದನ್ನೂ ತೂಗುತ್ತಾರೆ.

ಗಟ್ಟಿ ಆಕ್ಷೇಪ ಇನ್ನೊಂದಿದೆ. ಮೊಹರಂ ಶೋಕದ ಆಚರಣೆ. ಟ್ರಿನಿಡಾಡಿನ ಸೇಂಟ್ ಜೇಮ್ಸ್‌ನ ಬೀದಿಯಲ್ಲಿ ಅದನ್ನು ನೋಡುವವರೋ ಕುಡಿದು ಕುಣಿಯುತ್ತಾರೆ. ಲಯ ತಪ್ಪಿದರೆ ಹಿಡಿಯುವ ಕಿವಿ ದುಃಖ ತಪ್ಪಿದರೆ ಹಿಡಿದೀತೇ? ಇದಕ್ಕೆ ಅರ್ಧ ಉತ್ತರವಷ್ಟೇ ಇದೆ. ಗೋರಿಯ ಪ್ರತಿರೂಪವಾದ ತಾಜಿಯಾ ಕಟ್ಟುವ, ಹಸನ್‌ನ ಹಸಿರು ಚಂದ್ರ, ಹುಸೇನ್‌ನ ಕೆಂಪು ಚಂದ್ರ ಎಂಬ ದೊಡ್ಡ ಆಕೃತಿಗಳನ್ನು ಹೊರಿಸುವ ಮನೆತನಗಳು ಮದ್ಯ ಮುಟ್ಟದೆ ವ್ರತ ಹಿಡಿಯುತ್ತವೆ. ಆ ಅಂಗಳದೊಳಗೆ ಅಳತೆಗೋಲು ಇನ್ನೂ ಇದೆ. ಹೊರಗಿನವರು ಸೇರಿದ್ದಕ್ಕೇ ಶೋಕ ಕೆಟ್ಟಿತು ಎನ್ನುವಂತೆಯೂ ಇಲ್ಲ: 1884ರಲ್ಲಿ, ಮೆರವಣಿಗೆ ಪಟ್ಟಣ ಹೊಗಬಾರದೆಂಬ ಆಜ್ಞೆ ಮೀರಿದವರ ಮೇಲೆ ಸಾನ್ ಫರ್ನಾಂಡೋದಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಸತ್ತವರಲ್ಲಿ ಹಿಂದೂಗಳೂ ಇದ್ದರು. ಉತ್ತರ ಕರ್ನಾಟಕದ ಮೊಹರಂನಲ್ಲಿ ಹಿಂದೂಗಳೂ ಸೇರುವ ಅಲಾಯಿ ಕುಣಿತ ಕಂಡವರಿಗೆ ಇದು ವಿಚಿತ್ರವೆನಿಸದು.

ಆದರೆ ರಸ್ತೆಬದಿಯ ಗುಂಪಿನ ಮಟ್ಟಿಗೆ ಆಕ್ಷೇಪ ನಿಲ್ಲುತ್ತದೆ. ಅಲ್ಲಿ ತಾಸೆ ಉಳಿದಿದೆ, ಮೊಹರಂ ಉಳಿದಿಲ್ಲ. ಎರಡಕ್ಕೂ ಒಂದೇ ತೀರ್ಪು ಕೊಡಲು ನಾನು ಒಪ್ಪುವುದಿಲ್ಲ.