ಹೋಟೆಲಿನ ಲೋಟ

ಅನ್ನವನ್ನು ಮಾರಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಸಿದು ಬಂದವನಿಗೆ ಬಡಿಸಬೇಕು, ಬೆಲೆ ಕೇಳಬಾರದು. ಹಾಗಾದರೆ ಊರೂರಿನಲ್ಲಿ ತಲೆಯೆತ್ತಿರುವ ಹೋಟೆಲು, ಖಾನಾವಳಿಗಳೆಲ್ಲ ಧರ್ಮಲೋಪದ ಗುರುತುಗಳೇ? ಈ ಪ್ರಶ್ನೆಯನ್ನು ಯೋಚಿಸಲು ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ಹೋಗುವ ದಾರಿಗಿಂತ ತಕ್ಕ ಸ್ಥಳ ಇಲ್ಲವೆಂದು ನನಗೆ ತೋರುತ್ತದೆ.

ದಾರಿ ಸುಮಾರು 60 ಕಿಲೋಮೀಟರು. ಅಷ್ಟರೊಳಗೆ ಎಷ್ಟು ಬಗೆಯ ಊಟ! ಭಟ್ಕಳದಲ್ಲಿ ಈರುಳ್ಳಿಯ ಮಸಾಲೆಯ ಮೇಲೆ ಅನ್ನ ಹರಡಿದ ನವಾಯತರ ಬಿರಿಯಾನಿ. ಶರಾವತಿ ಕಡಲನ್ನು ಸೇರುವ ಹೊನ್ನಾವರದಲ್ಲಿ ಮೀನಿನ ಊಟ, ಬಂಗಡೆಯ ಸಾರಿಗೆ ಜುಮ್ಮನಕಾಯಿಯ ಘಮ. ಕುಮಟೆಯ ಕಡೆ ಹವ್ಯಕರ ತಂಬುಳಿ, ಅಪ್ಪೆಹುಳಿ. ಬೇಸಿಗೆಯಾದರೆ ಹೆದ್ದಾರಿಯ ಬದಿಗೆ ಗೊಂಚಲು ಗೊಂಚಲಾಗಿ ತೂಗುವ ಕುಮಟೆಯ ಸಿಹಿ ಈರುಳ್ಳಿ ಬೇರೆ. ಒಬ್ಬನು ತಿನ್ನುವುದನ್ನು ಇನ್ನೊಬ್ಬನು ಮುಟ್ಟುವುದಿಲ್ಲ. ಆದರೆ ಒಂದು ಲೋಟ ಚಹವನ್ನು ಒಲ್ಲೆನೆನ್ನುವವರು ಇಲ್ಲಿ ಕಡಿಮೆ.

ಈ ಕರಾವಳಿಗೆ ಅತಿಥಿಸತ್ಕಾರ ಹೊಸದೇನೂ ಅಲ್ಲ. 1342ರ ಸುಮಾರಿಗೆ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ವಿವರವಾಗಿ ಬರೆದಿದ್ದಾನೆ: ತಾಮ್ರದ ತಟ್ಟೆಗೆ ಸೌಟಿನಿಂದ ಅನ್ನ, ಅದರ ಮೇಲೆ ತುಪ್ಪ, ಬದಿಗೆ ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕಡೆಗೆ ಮೊಸರು. ಇಂದಿನ ಯಾವ ಖಾನಾವಳಿಯಲ್ಲೂ ಆತ ತಬ್ಬಿಬ್ಬಾಗಲಾರ.

ಅದೇ ಯಾತ್ರಿಕ ಮಲಬಾರದ ದಾರಿಯನ್ನು ವರ್ಣಿಸುವಾಗ ಇನ್ನೊಂದು ಮಾತನ್ನೂ ಹೇಳುತ್ತಾನೆ. ದಾರಿಯುದ್ದಕ್ಕೂ ತಂಗುಮನೆಗಳಿದ್ದುವು, ಬಾವಿಗಳಿದ್ದುವು, ನೀರು ಕೊಡುವವರೂ ಇದ್ದರು. ಆದರೆ ಮುಸಲ್ಮಾನನಿಗೆ ನೀರನ್ನು ಬೊಗಸೆಗೆ ಹೊಯ್ಯುತ್ತಿದ್ದರು. ಅನ್ನವನ್ನು ಬಾಳೆಯೆಲೆಯಲ್ಲಿ ಬಡಿಸುತ್ತಿದ್ದರು. ಅವನು ಉಂಡ ಪಾತ್ರೆಯನ್ನು ಒಡೆಯಬೇಕು, ಇಲ್ಲವೆ ಅವನಿಗೇ ಕೊಟ್ಟುಬಿಡಬೇಕು. ಅನ್ನ ಕೊಡುವುದಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದುದು ಪಾತ್ರೆ ಹಂಚಿಕೊಳ್ಳುವುದಕ್ಕೆ. ದಯೆ ಬೇರೆ, ಸಮಾನತೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ?

ಅನ್ನದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. 'ಉಪ್ಪು ಸಾಲದು' ಎನ್ನುವ ಹಕ್ಕು ಅತಿಥಿಗಿಲ್ಲ, ಗಿರಾಕಿಗೆ ಉಂಟು. ನಾನು ಕುಡಿದ ಲೋಟವನ್ನು ತೊಳೆದು ಮಾಣಿ ಮುಂದಿನವನ ಎದುರಿಗೆ ಇಡುತ್ತಾನೆ. ಅವನಾರು, ನಾನಾರು ಎಂದು ಲೋಟ ಕೇಳುವುದಿಲ್ಲ. ಇದು ಪ್ರೀತಿಯಲ್ಲ, ಬರಿಯ ಉದಾಸೀನ ಎನ್ನಬಹುದು. ಇರಲಿ, ಜಾತಿ ಕೇಳುವ ಪ್ರೀತಿಗಿಂತ ಜಾತಿ ಕೇಳದ ಉದಾಸೀನವೇ ಮೇಲಾದ ಕಾಲವೊಂದಿತ್ತು.

ಹೋಟೆಲು ಈ ಗುಣವನ್ನು ಹುಟ್ಟಿನಿಂದಲೇ ಪಡೆದುಬಂದದ್ದೇನೂ ಅಲ್ಲ. ದಕ್ಷಿಣದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿತ್ತು. ದಲಿತರಿಗೆ ಹೊರಗಡೆ ಬೇರೆ ಲೋಟವಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಹೋಟೆಲುಗಳನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಶಿಕ್ಷಾರ್ಹವೆಂದಿತು. ಒಂದು ದೇಶದ ಮೂಲಶಾಸನವೇ ಹೋಟೆಲಿನ ಮಾತನ್ನು ಎತ್ತಬೇಕಾಯಿತೆಂದರೆ ಆ ಲೋಟದ ತೂಕ ಎಷ್ಟಿರಬೇಕು!

ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಹೋಗಿ ಕುಳಿತುಕೊಳ್ಳುವಂತೆ ಮಾಡಲಾರದು. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ಗಲಭೆ ನಡೆದು ಜೀವಗಳು ಹೋದುವು. ಅಂಥ ದಿನಗಳಲ್ಲಿ ಮುಚ್ಚಿದ ಅಂಗಡಿಯ ಬಾಗಿಲು ಬೇಗ ತೆರೆಯುತ್ತದೆ. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಇನ್ನೊಬ್ಬನಿಗೆ ಎಡೆಮಾಡಿಕೊಡುವ ಮನಸ್ಸು ಅಷ್ಟು ಬೇಗ ತೆರೆಯದು. 'ನಮ್ಮ ಹೋಟೆಲು' ಎಂಬ ಮಾತು ಎಲ್ಲ ಊರಿನಲ್ಲೂ ಉಂಟು. ರುಚಿ ಹಿಡಿಸಿದ್ದಕ್ಕೆ 'ನಮ್ಮದು' ಎಂದರೆ ಸೊಗಸು. ಅಲ್ಲಿ ನಮ್ಮವರೇ ಕೂಡುತ್ತಾರೆಂದು 'ನಮ್ಮದು' ಎಂದರೆ, ಹಳೆಯ ಬೇರೆ ಕೋಣೆ ಹೊಸ ಬೋರ್ಡು ಹಾಕಿಕೊಂಡಂತೆ.

ಈಗ ಪಾರ್ಸೆಲಿನ ಕಾಲ. ಭಟ್ಕಳದ ಬಿರಿಯಾನಿಯನ್ನು ಕಟ್ಟಿಸಿಕೊಂಡು ಮನೆಯಲ್ಲಿ ಕುಳಿತು ಚಪ್ಪರಿಸಬಹುದು. ರುಚಿ ಬಂತು, ಅದನ್ನು ಬೇಯಿಸಿದ ಮನುಷ್ಯ ಅಲ್ಲೇ ಉಳಿದ. ನೆರೆಯವನ ಅಡಿಗೆಯನ್ನು ಮೆಚ್ಚಿ ನೆರೆಯವನನ್ನು ದೂರವಿಡುವುದು ಈಗ ಬಹಳ ಸುಲಭ.

ಮೀನು ತಿನ್ನದವನು ಮೀನು ತಿನ್ನಬೇಕಾಗಿಲ್ಲ. ಹಲಾಲ್ ನೋಡುವವನು ತನ್ನ ನೇಮವನ್ನು ಬಿಡಬೇಕಾಗಿಲ್ಲ. ನೇಮ ತಟ್ಟೆಗೆ ಸಂಬಂಧಿಸಿದ್ದು, ಬೆಂಚಿಗಲ್ಲ. ಅವರವರ ಮೆಚ್ಚಿನ ಹೋಟೆಲು ಅವರವರಿಗಿರಲಿ. ವಾರಕ್ಕೊಂದು ಸಲವಾದರೂ ಇನ್ನೊಬ್ಬರ ಮೆಚ್ಚಿನ ಹೋಟೆಲಿನಲ್ಲಿ ಕುಳಿತು ಒಂದು ಲೋಟ ಚಹ ಕುಡಿದು ಬರುವುದು ಯಾರ ಧರ್ಮಕ್ಕೂ ಹಾನಿಯಲ್ಲ. ಅಷ್ಟನ್ನೂ ಮಾಡಲಾರದ ನಾವು ಹಿರಿಯರ ಅನ್ನದಾನದ ದೊಡ್ಡ ಮಾತನ್ನು ಆಡಿ ಪ್ರಯೋಜನವೇನು?