ಬಟ್ಟೆಯ ಮೇಲಿನ ಗುರುತು

ಹೋದ ವರ್ಷದ ಆಷಾಢದಲ್ಲಿ, ಮಡಿವಾಳದ ತರಕಾರಿ ಮಾರುಕಟ್ಟೆ ಹತ್ತಿರ ಕಾಫಿ ಕುಡಿಯುತ್ತಾ ನಿಂತಿದ್ದಾಗ, ಗೆಳೆಯ ಮೊಬೈಲ್ ತೆಗೆದು ಒಂದು ಲ್ಯಾಬ್ ರಿಪೋರ್ಟ್ ತೋರಿಸಿದ. ಹರ್ನಿಯಾ ಆಪರೇಷನ್ನಿಗೆ ಮುಂಚೆ ಮಾಡುವ ಮಾಮೂಲಿ ರಕ್ತಪರೀಕ್ಷೆ. ಸಕ್ಕರೆ ಸರಿಯಿತ್ತು, ಹಿಮೋಗ್ಲೋಬಿನ್ ಸರಿಯಿತ್ತು. ಕೊನೆಯ ಸಾಲು ದಪ್ಪಕ್ಷರದಲ್ಲಿ: ಆಂಟಿ ಎಚ್‌ಸಿವಿ, ರಿಯಾಕ್ಟಿವ್. ಎದುರಿಗೆ 11.4. ಮಿತಿ 1.

“ಹನ್ನೊಂದು ಪಟ್ಟು ಜಾಸ್ತಿ ಕಣೋ” ಅಂದ. ಬ್ಯಾಂಕಿನಲ್ಲಿರುವವನು, ಸಂಖ್ಯೆ ಕಂಡರೆ ಲೆಕ್ಕ ಹಾಕದೆ ಬಿಡುವುದಿಲ್ಲ.

ಆದರೆ ಆ 11.4 ರೋಗದ ಅಳತೆಯಲ್ಲ. ಯಂತ್ರಕ್ಕೆ ಸಿಕ್ಕ ಸಂಕೇತವನ್ನು ಮೊದಲೇ ಗೊತ್ತುಮಾಡಿದ ಮಿತಿಯಿಂದ ಭಾಗಿಸಿದಾಗ ಬಂದದ್ದು. ಅದಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆ ಹುಡುಕುವುದು ಹೆಪಟೈಟಿಸ್ ಸಿ ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯವನ್ನು. ಸೋಂಕು ತಗುಲಿದವರಲ್ಲಿ ನೂರಕ್ಕೆ 15ರಿಂದ 45 ಮಂದಿ ಯಾವ ಔಷಧಿಯೂ ಇಲ್ಲದೆ ಆರು ತಿಂಗಳೊಳಗೆ ವೈರಾಣುವನ್ನು ತಾವೇ ಹೊರಗಟ್ಟುತ್ತಾರೆ. ಪ್ರತಿಕಾಯ ಮಾತ್ರ ಉಳಿದುಬಿಡುತ್ತದೆ, ಸಾಮಾನ್ಯವಾಗಿ ಬದುಕಿಡೀ. ವೈರಾಣು ಈಗಲೂ ಇದೆಯೇ ಎನ್ನುವುದಕ್ಕೆ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ಮೊದಲನೆಯದು ‘ಬಂದಿತ್ತೇ?’ ಎಂದು ಕೇಳುತ್ತದೆ. ಎರಡನೆಯದು ‘ಇದೆಯೇ?’ ಎಂದು.

ಎರಡನೆಯ ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಅವನು ಹೆಂಡತಿಗೆ ಏನೂ ಹೇಳಲಿಲ್ಲ. ಶೇವಿಂಗ್ ರೇಜರ್, ಉಗುರುಕತ್ತರಿ ಎರಡನ್ನೂ ಬಚ್ಚಲಿನಿಂದ ತೆಗೆದು ಆಫೀಸ್ ಬ್ಯಾಗಿನಲ್ಲಿಟ್ಟುಕೊಂಡ. ಅದು ಸರಿಯಾದ ಎಚ್ಚರವೇ, ಏಕೆಂದರೆ ಇದು ಹರಡುವುದು ರಕ್ತದಿಂದ. ಒಂದೇ ತಟ್ಟೆಯ ಊಟದಿಂದಲ್ಲ, ಮಗುವನ್ನು ಎತ್ತಿಕೊಂಡದ್ದರಿಂದಲ್ಲ. ಆದರೂ ಕಾರಣ ಹೇಳದೆ ಕಾಪಾಡುವುದು ಒಂದು ಬಗೆಯ ಸುಳ್ಳಲ್ಲವೇ ಎಂದು ನಾನು ಕೇಳಿದೆ. “ಖಚಿತವಾಗದ್ದನ್ನು ಹೇಳಿ ಹೆದರಿಸಲೇನು?” ಅಂದ. ಅವನ ಮಾತಿನಲ್ಲೂ ಹುರುಳಿತ್ತು. ಆದರೆ ಅವಳಿಗೂ ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ, ಅದು ಅವಳ ದೇಹದ ವಿಷಯ ಎಂಬುದು ಅವನ ಲೆಕ್ಕದಲ್ಲಿ ಬಂದಿರಲಿಲ್ಲ. ಕೊನೆಗೆ ರೇಜರ್ ಎಲ್ಲಿ ಎಂದು ಅವಳೇ ಕೇಳಿದಳು. ಆಗ ಹೇಳಿದ.

ಅವಳ ಮೊದಲ ಮಾತು: “ಎಲ್ಲಿಂದ ಬಂತು?”

ಎಲ್ಲರದೂ ಇದೇ ಮೊದಲ ಮಾತು. ನನ್ನ ಮನಸ್ಸಿನಲ್ಲೂ ಅದೇ ಎದ್ದಿತ್ತು, ಬಾಯಿಗೆ ಬರಲಿಲ್ಲ ಅಷ್ಟೆ. ಅವನು ನೆನಪು ಕೆದಕಿ ಹುಡುಕಿದ. 1996ರಲ್ಲಿ ಬೈಕ್ ಅಪಘಾತವಾಗಿ ಊರಿನ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದ್ದರು. ಈ ವೈರಾಣು ಪತ್ತೆಯಾದದ್ದೇ 1989ರಲ್ಲಿ. ಅದಕ್ಕೂ ಮುಂಚೆ ವೈದ್ಯರು ಇದನ್ನು ‘ಎ-ಯೂ ಅಲ್ಲ, ಬಿ-ಯೂ ಅಲ್ಲ’ ಎಂದೇ ಕರೆಯುತ್ತಿದ್ದರು, ಹೆಸರಿಲ್ಲದ ಕಾಯಿಲೆ. ನಮ್ಮ ದೇಶದ ರಕ್ತನಿಧಿಗಳಲ್ಲಿ ಇದರ ತಪಾಸಣೆ ಕಡ್ಡಾಯವಾದದ್ದು 2001ರಲ್ಲಿ. ಲೆಕ್ಕ ತಾಳೆಯಾಯಿತು, ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. “ಸದ್ಯ, ಆ ಡ್ರಗ್ಸ್ ಸೂಜಿ ಚುಚ್ಚಿಕೊಳ್ಳೋರ ಥರ ಅಲ್ಲ ನಾನು” ಅಂದ.

ಆ ‘ಸದ್ಯ’ ನನಗೆ ಇಷ್ಟವಾಗಲಿಲ್ಲ. ಸೂಜಿ ಹಂಚಿಕೊಂಡ ಹುಡುಗನ ಯಕೃತ್ತಿನಲ್ಲೂ ಇದೇ ವೈರಾಣು, ಅವನಿಗೂ ಇದೇ ಮಾತ್ರೆ. ನಿರಪರಾಧಿ ಎಂದು ಸಾಬೀತುಮಾಡಿದವನಿಗೆ ಮಾತ್ರ ಕನಿಕರ ಸಿಗುವುದಾದರೆ, ಅದನ್ನು ಕನಿಕರ ಎನ್ನುವುದು ಹೇಗೆ? ಅವನಿಗೆ ಇದನ್ನು ಹೇಳಲಿಲ್ಲ. ಹೆದರಿರುವ ಮನುಷ್ಯನಿಗೆ ನೀತಿ ಹೇಳುವುದೂ ಒಂದು ಕ್ರೌರ್ಯವೇ.

ಆರ್‌ಎನ್‌ಎ ವರದಿ ಬಂತು: ಮಿಲಿಲೀಟರಿಗೆ 8,40,000 ಯೂನಿಟ್. ಮತ್ತೆ ಸಂಖ್ಯೆ, ಮತ್ತೆ ನಿದ್ದೆಗೆಟ್ಟ ರಾತ್ರಿ. ವೈರಾಣು ಇದೆ ಎಂಬುದು ಇದರಿಂದ ಖಚಿತ. ಆದರೆ ಯಕೃತ್ತು ಎಷ್ಟು ಹಾಳಾಗಿದೆ ಎಂದು ಈ ಸಂಖ್ಯೆ ಹೇಳುವುದಿಲ್ಲ. ಲಕ್ಷಗಟ್ಟಲೆ ಇದ್ದವರ ಯಕೃತ್ತು ಗಟ್ಟಿಯಾಗಿರಬಹುದು, ಕಡಿಮೆ ಇದ್ದವರದು ಗಾಯದ ನಾರುಗಟ್ಟಿರಬಹುದು. ಅದನ್ನು ತಿಳಿಯಲು ಪ್ಲೇಟ್‌ಲೆಟ್, ಎಸ್‌ಜಿಒಟಿ, ಎಸ್‌ಜಿಪಿಟಿ, ಫೈಬ್ರೋಸ್ಕ್ಯಾನ್ ಎಲ್ಲ ಜೊತೆಗಿಟ್ಟು ನೋಡಬೇಕು. ನೋಡಿದರು, ಹೆಚ್ಚು ಹಾನಿಯಾಗಿರಲಿಲ್ಲ. ದಿನಕ್ಕೊಂದು ಮಾತ್ರೆ, ಹನ್ನೆರಡು ವಾರ. ಆ ಮಾತ್ರೆಯಲ್ಲಿರುವ ಸೊಫೊಸ್ಬುವಿರ್ 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಹನ್ನೆರಡು ವಾರಕ್ಕೆ 84,000 ಡಾಲರ್. ಆಮೇಲೆ ಭಾರತದ ಕಂಪನಿಗಳೂ ತಯಾರಿಸಿದವು, ಬೆಲೆ ಬಿತ್ತು. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಪೂರ್ತಿ ವಾಸಿಯಾಗುತ್ತಾರೆ.

ಮಾತ್ರೆ ಮುಗಿದು ಮತ್ತೆ ಹನ್ನೆರಡು ವಾರ ಕಳೆದ ಮೇಲಿನ ವರದಿ: ‘ಪತ್ತೆಯಾಗಿಲ್ಲ’. ವಾಸಿಯಾಯಿತು ಎಂದೇ ಅರ್ಥ. ಹೆಂಡತಿಯ ವರದಿಯಲ್ಲಿ ಮೊದಲೇ ಏನೂ ಇರಲಿಲ್ಲ.

ಆದರೆ ಪ್ರತಿಕಾಯದ ಪರೀಕ್ಷೆ ಇವತ್ತು ಮಾಡಿದರೂ ರಿಯಾಕ್ಟಿವ್ ಎಂದೇ ಬರುತ್ತದೆ. ಅವನಿಗೆ ಇದು ಬೇಸರ. “ತೊಳೆದರೂ ಹೋಗದ ಕಲೆ” ಅಂದ. ನಾವು ನಿಂತಿದ್ದ ಬಡಾವಣೆಯ ಹೆಸರು ನೆನಪಾಯಿತು. ಮಡಿವಾಳರು ಬಟ್ಟೆ ಒಯ್ಯುವಾಗ ಅಂಚಿಗೆ ಕರಿಗೇರು ಬೀಜದ ಮಸಿಯಲ್ಲಿ ಒಂದು ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಹೋಗದಿರಲೆಂದೇ ಹಾಕುವುದು. ಆ ಗುರುತನ್ನು ನೋಡಿ ಬಟ್ಟೆ ಕೊಳೆ ಎಂದು ಯಾರೂ ಅನ್ನುತ್ತಿರಲಿಲ್ಲ. ಒಗೆಯಲು ಹೋಗಿ ಬಂದ ಬಟ್ಟೆಗೇ ಅದು ಇರುತ್ತಿದ್ದುದು. ಇದನ್ನು ಮಾತ್ರ ಅವನಿಗೆ ಹೇಳಿದೆ. “ನಮ್ಮಜ್ಜಿ ಸೀರೆಗಳಲ್ಲಿ ಇತ್ತು” ಅಂದ.

ಮುಂದೂಡಿದ್ದ ಹರ್ನಿಯಾ ಆಪರೇಷನ್ನಿಗೆ ಹೋದ ತಿಂಗಳು ಮತ್ತೆ ರಕ್ತ ಕೊಟ್ಟ. ಸಂಜೆ ಲ್ಯಾಬಿನಿಂದ ಫೋನು, ತಗ್ಗಿದ ದನಿ: “ಸಾರ್, ಒಂದು ಟೆಸ್ಟ್ ರಿಯಾಕ್ಟಿವ್ ಬಂದಿದೆ…”

“ಗೊತ್ತಮ್ಮ” ಅಂದನಂತೆ. “ಇನ್ನೊಂದು ಕಾಗದ ಇದೆ. ಬೆಳಿಗ್ಗೆ ತರ್ತೀನಿ, ಎರಡನ್ನೂ ಒಟ್ಟಿಗೆ ಓದಿ.”