ಬದಲಾದ ಮನೆ, ಕೊಟ್ಟ ಭಾಷೆ

ಅಮ್ಮಿಗೆ ಈಗ ಎಪ್ಪತ್ತೆಂಟು. ಎರಡೂ ಮಂಡಿಗಳು ಮುಷ್ಕರ ಹೂಡಿ ಐದಾರು ವರ್ಷಗಳಾದವು. ಹೋದ ಚಳಿಗಾಲದ ರಜೆಯಲ್ಲಿ ಅವರನ್ನೂ ಮಕ್ಕಳನ್ನೂ ಎರಡು ದಿನದ ಮಟ್ಟಿಗೆ ಕೊಡಗಿಗೆ ಕರೆದುಕೊಂಡು ಹೋಗೋಣವೆಂದು ನಾವು ಮಡಿಕೇರಿ ಹತ್ತಿರದ ಒಂದು ಹೋಮ್‌ಸ್ಟೇಯನ್ನು ಮೊಬೈಲಿನಲ್ಲೇ ಕಾದಿರಿಸಿದ್ದೆವು. ಚಿತ್ರದಲ್ಲಿ ಹೆಂಚಿನ ಮನೆಯಿತ್ತು, ಅಂಗಳವಿತ್ತು, ಅಂಗಳಕ್ಕೇ ತೆರೆದುಕೊಳ್ಳುವ ಕೋಣೆಯಿತ್ತು. ಕೋಣೆಯಿಂದ ಬಚ್ಚಲಿಗೆ ಹೋಗಲು ಒಂದು ಮೆಟ್ಟಿಲೂ ಇರಲಿಲ್ಲ. ಕಾಫಿ ತೋಟ, ಮಂಜು, ಅಬ್ಬಿ ಜಲಪಾತ ಇವೆಲ್ಲ ಮಕ್ಕಳ ಪಾಲಿಗೆ. ನಾವು ಹಣ ಕೊಟ್ಟು ಕೊಂಡದ್ದು ಮೆಟ್ಟಿಲಿಲ್ಲದ ಆ ಹಾದಿಯನ್ನು.

ಹೊರಡುವ ಹಿಂದಿನ ಸಂಜೆ ಎರಡು ಸಾಲಿನ ಸಂದೇಶವೊಂದು ಬಂತು. ನಿಮ್ಮ ವಸತಿಯನ್ನು ಅದೇ ದರ್ಜೆಯ ಇನ್ನೊಂದು ಮನೆಗೆ ಬದಲಾಯಿಸಲಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಅಷ್ಟೆ. ಹೊಸ ಮನೆ ಮೊದಲ ಮಹಡಿಯಲ್ಲಿತ್ತು. ಫೋನ್ ಮಾಡಿದರೆ ಮನೆಯವರು ‘ಕಂಪೆನಿಯವರನ್ನು ಕೇಳಿ’ ಎಂದರು. ಕಂಪೆನಿಯವರು ‘ಮನೆಯವರನ್ನು ಕೇಳಿ’ ಎಂದರು. ಪ್ರವಾಸ ರದ್ದು ಮಾಡುತ್ತೇವೆ ಎಂದಾಗ, ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಅರ್ಧ ಹಣ ಮುರಿದುಕೊಳ್ಳುವ ನಿಯಮವಿದೆ ಎಂಬ ಉತ್ತರ ಬಂತು. ಬದಲಾಯಿಸಿದವರು ಅವರು, ದಂಡ ಕಟ್ಟಬೇಕಾದವರು ನಾವು!

ಅಂದು ರಾತ್ರಿ ಊಟಕ್ಕೆ ಕೂತಾಗ ತಮ್ಮ ಮೆಲ್ಲಗೆ ಕೇಳಿದ: ‘ನಮ್ಮ ಹೆಸರು ನೋಡಿ ಹೀಗೆ ಮಾಡಿರಬಹುದಾ?’

ಯಾರೂ ಉತ್ತರಿಸಲಿಲ್ಲ. ಅಮ್ಮಿ ಮಡಚಿಟ್ಟಿದ್ದ ಸ್ವೆಟರನ್ನು ಎತ್ತಿ ಮತ್ತೆ ಅಲಮಾರಿನಲ್ಲಿಟ್ಟರು. ಬಾಡಿಗೆ ಮನೆ ಹುಡುಕುತ್ತ ಊರೂರು ಅಲೆದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಹೆಸರು ಕೇಳುವವರೆಗೆ ಖಾಲಿಯಿದ್ದ ಮನೆ, ಹೆಸರು ಹೇಳಿದ ಮೇಲೆ ‘ಯಾರೋ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ’ ಎಂದಾಗುವುದನ್ನು ನಾವೂ ಕಂಡವರೇ. ಆದ್ದರಿಂದ ಕಾರಣ ಹೇಳದೆ ಮುಚ್ಚಿದ ಬಾಗಿಲಿನ ಮುಂದೆ ನಿಂತಾಗ ನಮ್ಮಂಥವರ ಮನಸ್ಸು ತಾನೇ ಒಂದು ಕಾರಣವನ್ನು ಬರೆದುಕೊಂಡುಬಿಡುತ್ತದೆ.

ವಾರದ ಬಳಿಕ ನಿಜ ಗೊತ್ತಾಯಿತು. ಆ ಕೋಣೆಯ ಬಚ್ಚಲಿನ ಮೋರಿ ಒಡೆದು ನೆಲ ಅಗೆದಿದ್ದರಂತೆ. ಅಷ್ಟೇ ವಿಷಯ. ಮನೆಯ ಯಜಮಾನಿಯೇ ನೊಂದುಕೊಂಡು ಹೇಳಿದರು. ನಮಗೆ ನಿರಾಳವಾಯಿತು, ಜೊತೆಗೆ ನಾಚಿಕೆಯೂ ಆಯಿತು. ಅಪರಿಚಿತ ಹೆಂಗಸೊಬ್ಬರ ಮೇಲೆ ಮನಸ್ಸಿನಲ್ಲೇ ಎಂಥ ಆರೋಪ ಹೊರಿಸಿಬಿಟ್ಟಿದ್ದೆವು! ಆದರೆ ಮಾತಿನ ನಡುವೆ ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಮೋರಿ ಒಡೆದದ್ದು ನಾವು ಹೊರಡುವ ಹದಿನೈದು ದಿನ ಮೊದಲು. ಕಂಪೆನಿಗೆ ಅವರು ಆಗಲೇ ತಿಳಿಸಿದ್ದರು.

ಈ ಹದಿನೈದು ದಿನಗಳ ಬಗ್ಗೆಯೇ ನಾವು ಇಲ್ಲಿ ಯೋಚಿಸಬೇಕೆಂದಿರುವುದು. ಮನೆ ಬದಲಾದದ್ದು ತಪ್ಪೇ? ಮೋರಿಗಳು ಒಡೆಯುತ್ತವೆ, ಹೆಂಚುಗಳು ಸೋರುತ್ತವೆ, ಮನೆಯೊಡೆಯರು ಕಾಯಿಲೆ ಬೀಳುತ್ತಾರೆ. ಇವು ಯಾರ ಅಪರಾಧವೂ ಅಲ್ಲ. ತಪ್ಪು ಇರುವುದು ಗೊತ್ತಾದ ಗಳಿಗೆಗೂ ಹೇಳಿದ ಗಳಿಗೆಗೂ ನಡುವಿನ ಮೌನದಲ್ಲಿ. ಆ ಹದಿನೈದು ದಿನಗಳಲ್ಲಿ ನಾವು ಬೇರೆ ಮನೆ ಹುಡುಕಬಹುದಿತ್ತು, ದಿನಾಂಕ ಮುಂದೂಡಬಹುದಿತ್ತು, ಮೈಸೂರಿಗೆ ಹೋಗಬಹುದಿತ್ತು. ನಮ್ಮ ಕೈಯಲ್ಲಿದ್ದ ಈ ಆಯ್ಕೆಗಳು ದಿನಕ್ಕೊಂದರಂತೆ ಉದುರಿಹೋಗುತ್ತಿದ್ದಾಗ ಯಾರೋ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಆಯ್ಕೆಯೇ ಉಳಿಯದ ಹೊತ್ತಿನಲ್ಲಿ ‘ನಿಮ್ಮ ಇಷ್ಟ’ ಎಂದರು.

ನಾವು ಶಾಲೆಯಲ್ಲಿ ಉರ್ದುವನ್ನೂ ಕನ್ನಡವನ್ನೂ ಒಟ್ಟಿಗೇ ಕಲಿತವರು. ಎರಡರಲ್ಲೂ ಒಂದು ಸೋಜಿಗವಿದೆ. ಕನ್ನಡದಲ್ಲಿ ‘ಭಾಷೆ ಕೊಡುವುದು’ ಎಂದರೆ ವಚನ ಕೊಡುವುದು. ಉರ್ದುವಿನಲ್ಲಿ ‘ಜಬಾನ್ ದೇನಾ’ ಎಂದರೂ ಅದೇ. ಜಬಾನ್ ಎಂದರೆ ನಾಲಗೆಯೂ ಹೌದು, ಭಾಷೆಯೂ ಹೌದು. ಮಾತು ಎಂಬುದೇ ಒಂದು ಒತ್ತೆ, ಆಡಿದವನು ಅದನ್ನು ಬಿಡಿಸಿಕೊಳ್ಳಬೇಕು ಎಂದು ಎರಡೂ ಭಾಷೆಗಳು ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡಿವೆ. ಕನ್ನಡದ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಕಥೆಯಲ್ಲಿ ಹಸು ಹುಲಿಗೆ ಕೊಟ್ಟದ್ದು ನಾಲಗೆಯ ಮಾತನ್ನೇ ಹೊರತು ರಸೀದಿಯನ್ನಲ್ಲ.

ಈಗ ಮೊಬೈಲಿನ ಗಾಜಿನ ಮೇಲೆ ಬೆರಳೊತ್ತಿ ಮಾಡುವ ಈ ವ್ಯವಹಾರದಲ್ಲಿ ಭಾಷೆ ಕೊಟ್ಟವರು ಯಾರು? ಚಿತ್ರ ತೋರಿಸಿದ ಕಂಪೆನಿ ತಾನು ಬರಿಯ ಮಧ್ಯವರ್ತಿ ಎನ್ನುತ್ತದೆ. ಮನೆಯವರು ನಮ್ಮ ಹತ್ತಿರ ಮಾತೇ ಆಡಿಲ್ಲ. ಹಣ ಮಾತ್ರ ಹೋಗಿದೆ. ದಲ್ಲಾಳಿತನ ಹೊಸದಲ್ಲ. ದನದ ಸಂತೆಯಲ್ಲಿ ದಲ್ಲಾಳಿ ಟವೆಲಿನೊಳಗೆ ಕೈಹಾಕಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದ. ಆದರೆ ಕೊಂಡ ಎತ್ತು ಕುಂಟಿದರೆ ಮುಂದಿನ ಸಂತೆಯಲ್ಲಿ ಅವನೇ ಮುಖ ಕೊಡಬೇಕಿತ್ತು. ಇಂದಿನ ದಲ್ಲಾಳಿಗೆ ಮುಖವಿಲ್ಲ, ನಾಲಗೆಯೂ ಇಲ್ಲ. ಹಾಗಾಗಿ ಆತನಿಗೆ ನಾಲಗೆ ಜೋಡಿಸುವ ಕೆಲಸವನ್ನು ಕಾನೂನು ಮಾಡಬೇಕಾಗಿದೆ.

ಸ್ವಲ್ಪ ಮಟ್ಟಿಗೆ ಮಾಡಿಯೂ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರಲ್ಲಿ ಹೊಸ ಕಾಯ್ದೆ ಬಂದು, 2020ರ ಜುಲೈನಲ್ಲಿ ಜಾರಿಯಾಯಿತು. ಸೇವೆಯ ನ್ಯೂನತೆ ಎಂದರೇನು ಎಂದು ವಿವರಿಸುವಾಗ ಆ ಕಾಯ್ದೆ, ಗ್ರಾಹಕನಿಗೆ ತಿಳಿಯಬೇಕಾದ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನೂ ನ್ಯೂನತೆಯೆಂದೇ ಎಣಿಸುತ್ತದೆ. ಅಂದರೆ ಕೆಟ್ಟ ಕೋಣೆ ಮಾತ್ರವಲ್ಲ, ಬೇಕೆಂದೇ ತಾಳಿದ ಮೌನವೂ ತಪ್ಪು. ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕಂಪೆನಿ ತಾನಾಗಿ ರದ್ದು ಮಾಡಿದಾಗ ಅಂಥದೇ ದಂಡವನ್ನು ತಾನೂ ಹೊರುವುದಿಲ್ಲವಾದರೆ, ರದ್ದು ಮಾಡಿದ ಗ್ರಾಹಕನ ಮೇಲೆ ದಂಡ ಹೇರುವಂತಿಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಸೇವೆಯಲ್ಲಿ ಇಲ್ಲದಿದ್ದರೆ, ಇಂಥ ತಾಣಗಳಲ್ಲಿ ಮಾರುವವರು ಹಣ ಮರಳಿಸಲು ನಿರಾಕರಿಸುವಂತಿಲ್ಲ. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಒಪ್ಪಂದವನ್ನು ಸಕಾರಣವಿಲ್ಲದೆ ಒಬ್ಬರೇ ಮುರಿಯಲು ಬಿಡುವ ಷರತ್ತನ್ನೂ, ಗ್ರಾಹಕನ ಒಪ್ಪಿಗೆಯಿಲ್ಲದೆ ಅವನಿಗೆ ನಷ್ಟವಾಗುವಂತೆ ಒಪ್ಪಂದವನ್ನು ಬೇರೆಯವರಿಗೆ ದಾಟಿಸಲು ಬಿಡುವ ಷರತ್ತನ್ನೂ ಹೊಸ ಕಾಯ್ದೆ ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ. ಆದರೆ ಕರಾರೇ ಅನ್ಯಾಯದ್ದೆಂದು ವಾದಿಸಲು ರಾಜ್ಯ ಆಯೋಗದ ಮೆಟ್ಟಿಲನ್ನೇ ಹತ್ತಬೇಕು. ಮಿಕ್ಕ ಸಾಮಾನ್ಯ ದೂರನ್ನು ನಮ್ಮ ವಾಸದ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ವಿವಾದ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮೊದಲು 1915 ಎಂಬ ಸಹಾಯವಾಣಿಯಿದೆ.

ಇಷ್ಟಾದರೂ ಕಾನೂನಿಗೆ ಸುಲಭವಾಗಿ ಕಾಣದ ಒಂದು ಪದವಿದೆ: ‘ಅದೇ ದರ್ಜೆಯ’. ಯಾರ ಕಣ್ಣಿನಲ್ಲಿ ಅದೇ ದರ್ಜೆ? ಎರಡು ಮಂಚ, ಬಿಸಿನೀರು, ಬೆಳಗಿನ ಅಕ್ಕಿರೊಟ್ಟಿ, ಎಲ್ಲವೂ ಸರಿಸಮ. ಅಮ್ಮಿಯ ಮಂಡಿಗೆ ಮಾತ್ರ ಅದು ಹತ್ತಲಾಗದ ಮನೆ. ಹಸುಗೂಸಿನ ತಾಯಿಗೆ ಅಡುಗೆಮನೆಯೇ ಮನೆ. ಒಂಟಿಯಾಗಿ ಬರುವ ಹೆಣ್ಣುಮಗಳಿಗೆ ಪಕ್ಕದಲ್ಲೇ ಯಜಮಾನಿ ಇರುವುದೇ ಮನೆ. ನನಗೆ ಯಾವುದು ಸಮ ಎಂಬುದನ್ನು ಹೇಳಬೇಕಾದವನು ನಾನು. ಬೇರೆಯವರು ಹೇಳಿದರೆ, ಎಷ್ಟೇ ಒಳ್ಳೆಯ ಮನೆ ಕೊಟ್ಟರೂ, ನನ್ನ ಅಗತ್ಯವನ್ನು ಅವರು ಅಳಿಸಿದಂತೆಯೇ. ಬದಲಿ ಮನೆ ಕೊಡುವುದು ಉಪಕಾರವೇ ಇರಬಹುದು, ಆದರೆ ಅದು ಪ್ರಶ್ನೆಯ ರೂಪದಲ್ಲಿ ಬರಬೇಕು, ಆದೇಶದ ರೂಪದಲ್ಲಲ್ಲ.

ಹಾಗೆಂದು ಗ್ರಾಹಕನೇ ದೊರೆ ಎಂದು ಮೆರೆಯುವುದೂ ಸಲ್ಲದು. 2018ರ ಆಗಸ್ಟಿನಲ್ಲಿ ಇದೇ ಕೊಡಗಿನ ಗುಡ್ಡಗಳು ಮಳೆಗೆ ಜರಿದು ಬಿದ್ದವು. ಮನೆ, ತೋಟ, ದಾರಿಗಳು ಮಣ್ಣಿನಡಿ ಸೇರಿದವು. ಅಂಥ ಹೊತ್ತಿನಲ್ಲಿ ‘ನನ್ನ ಬುಕಿಂಗ್ ಏನಾಯಿತು’ ಎಂದು ಗದರುವವನಿಗೆ ಹಕ್ಕಿದ್ದೀತು, ಹೃದಯವಿಲ್ಲ. 1872ರ ಕರಾರು ಕಾಯ್ದೆ ಇಲ್ಲಿ ಹದವಾದ ದಾರಿಯನ್ನು ತೋರುತ್ತದೆ. ನಡೆಸಲು ಅಸಾಧ್ಯವಾದ ಒಪ್ಪಂದ ತಾನೇ ಬಿದ್ದುಹೋಗುತ್ತದೆ, ಮನೆಯವನು ಮನೆ ಕೊಡಬೇಕಿಲ್ಲ. ಆದರೆ ಆ ಒಪ್ಪಂದದಿಂದ ಪಡೆದದ್ದನ್ನು ಮರಳಿಸಬೇಕು. ದುರದೃಷ್ಟ ಭಾಷೆಯ ಭಾರವನ್ನು ಇಳಿಸುತ್ತದೆ, ಇನ್ನೊಬ್ಬನ ಹಣವನ್ನು ನಮ್ಮದಾಗಿಸುವುದಿಲ್ಲ. ಆ ಹಣ ಕೈಯಲ್ಲಿರುವವರೆಗೂ ಅಮಾನತ್ತೇ.

ನಾಲ್ವರೆಂದು ಹೇಳಿ ಎಂಟು ಮಂದಿ ಹೋಗುವವರು, ಎರಡು ಮನೆ ಕಾದಿರಿಸಿ ಒಂದಕ್ಕೆ ಸುಳಿವೂ ಕೊಡದೆ ಕೈಕೊಡುವವರು ನಮ್ಮಲ್ಲಿಲ್ಲವೇ? ಹಾಸಿಗೆ ಹಾಸಿ, ಅಕ್ಕಿ ನೆನೆಹಾಕಿ ಕಾಯುವ ಮನೆಯಾಕೆಗೂ ಅದು ಅಷ್ಟೇ ದೊಡ್ಡ ಮೌನ. ಬೇಗ ಹೇಳುವ ಬಾಧ್ಯತೆ ಎರಡೂ ಕಡೆಗಿದೆ. ವ್ಯತ್ಯಾಸವಿಷ್ಟೆ: ನಾವು ತಪ್ಪಿದರೆ ದಂಡ ಮುರಿದುಕೊಳ್ಳಲು ನಮ್ಮ ಹಣ ಅವರ ಕೈಯಲ್ಲಿರುತ್ತದೆ. ಅವರು ತಪ್ಪಿದರೆ ನಮ್ಮ ಕೈಯಲ್ಲಿ ಬರಿಯ ಸಂದೇಶ. ಬಲವಿದ್ದ ಕಡೆ ಬಾಧ್ಯತೆಯೂ ಹೆಚ್ಚಿರಬೇಕೆಂದು ಕೇಳುವುದು ದುರಾಸೆಯಲ್ಲ.

ನಾವು ದೂರು ಬರೆದೆವು. ಕಾದಿರಿಸಿದ ದಿನದ ಪುಟದ ಚಿತ್ರ, ಹಣ ಕಟ್ಟಿದ ರಸೀದಿ, ಬಂದ ಸಂದೇಶ ಎಲ್ಲವನ್ನೂ ಜೋಡಿಸಿದೆವು. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದೆವು: ಕೋಣೆ ಕೆಟ್ಟಿದೆಯೆಂದು ನಿಮಗೆ ಗೊತ್ತಾದ ದಿನಾಂಕ ಯಾವುದು? ಇಪ್ಪತ್ತು ದಿನಗಳಲ್ಲಿ ಪೂರ್ತಿ ಹಣ ಬಂತು. ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ಉತ್ತರವಿದ್ದರೆ ಹಣಕ್ಕಿಂತ ಹೆಚ್ಚಿನದೇನೋ ಮರಳಿ ಬಂದಂತಾಗುತ್ತಿತ್ತು. ಊಟದ ಹೊತ್ತಿನಲ್ಲಿ ತಮ್ಮ ಕೇಳಿದ ಆ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಹದಿನೈದು ದಿನ ಮೊದಲು ಯಾರಾದರೂ ‘ಮೋರಿ ಒಡೆದಿದೆ, ಏನು ಮಾಡೋಣ ಹೇಳಿ’ ಎಂದಿದ್ದರೆ ಸಾಕಿತ್ತು.

ಹಣ ಬಂದ ಸುದ್ದಿ ಹೇಳಿದಾಗ ಅಮ್ಮಿ ಎಷ್ಟು ಬಂತೆಂದು ಕೇಳಲಿಲ್ಲ. ‘ಪಾಪ, ಆ ಹೆಂಗಸಿನ ಮನೆಯ ಮೋರಿ ಸರಿಯಾಯಿತಂತಾ?’ ಎಂದು ಕೇಳಿದರು. ಫೋನ್ ಮಾಡಿ ವಿಚಾರಿಸಿದೆವು. ಸರಿಯಾಗಿದೆಯಂತೆ. ಮಳೆ ಹಿಡಿಯುವ ಮುಂಚೆ ಬನ್ನಿ ಎಂದರು.